ಈಶಾನ್ಯ ಮೂಲೆಯ ಕಂಡಿ

ಪದ್ಮಶ್ರೀಗೆ ಫುಟ್‌ಬಾಲ್ ಗೊತ್ತಿರಲಿಲ್ಲ. ಆದರೂ ಜಪಾನಿನ ಮಿಯಾನೋಸೆ ಕ್ಲಬ್ಬಿನ ಕ್ರೀಡಾಂಗಣದಲ್ಲಿ ಎಷ್ಟು ಕಂಬಗಳಿವೆ ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತಿದ್ದಳು. ಹೊರದೇಶದ ಕಟ್ಟಡಗಳಿಗೆ ನಕ್ಷೆ ಬರೆದುಕೊಡುವ ಹೆಬ್ಬಾಳದ ಕಚೇರಿಯೊಂದರಲ್ಲಿ ಅವಳ ಕೆಲಸ. ಮಿಯಾನೋಸೆ ತಂಡ ಮೇಲಿನ ಲೀಗ್‌ಗೆ ಏರಿತ್ತು. ಅಲ್ಲಿ ಆಡಬೇಕಾದರೆ ಹದಿನೈದು ಸಾವಿರ ಆಸನ ಇರಲೇಬೇಕು. ಹಾಗಾಗಿ ಉತ್ತರ ದಿಕ್ಕಿನ ಹುಲ್ಲು ದಿಬ್ಬ ತೆಗೆದು, ಚಾವಣಿಯಿರುವ ಗ್ಯಾಲರಿ ಕಟ್ಟುವುದೆಂದು ತೀರ್ಮಾನವಾಗಿತ್ತು.

ಹೊಸದನ್ನು ಬರೆಯುವ ಮುಂಚೆ ಅವಳು ಹಳೆಯ ನಕ್ಷೆಗಳನ್ನೆಲ್ಲ ತೆರೆದು ನೋಡಿದಳು. 1968ರಲ್ಲಿ ಅದು ಸುತ್ತ ಮಣ್ಣಿನ ದಿಬ್ಬವಿದ್ದ ಬರೀ ಬಯಲು. 1987ರಲ್ಲಿ ಪಶ್ಚಿಮಕ್ಕೆ ಕಾಂಕ್ರೀಟ್ ಮೆಟ್ಟಿಲು ಬಂದವು, 1999ರಲ್ಲಿ ನಾಲ್ಕು ದೀಪದ ಕಂಬ, ಆಮೇಲೆ ಪೂರ್ವದ ಗ್ಯಾಲರಿ. ಇಷ್ಟೆಲ್ಲ ಬದಲಾದರೂ ಈಶಾನ್ಯ ಮೂಲೆಯ ದಿಬ್ಬದಲ್ಲಿದ್ದ ಮೂರು ಮೀಟರ್ ಅಗಲದ ಕಂಡಿಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಅದು ಯಾಕಿದೆ ಎಂದು ಎಲ್ಲೂ ಬರೆದಿರಲಿಲ್ಲ. ಜಪಾನಿನವರು ಕಳಿಸಿದ್ದ ಹೊಸ ವಿನ್ಯಾಸದಲ್ಲಿ ಅಲ್ಲಿ ಶೌಚಾಲಯ ಬಂದಿತ್ತು.

ಟೀಮ್ ಲೀಡ್ ಅಶ್ವತ್ಥ್‌ಗೆ ತೋರಿಸಿದಳು.

"ಅವ್ರು ಕೊಟ್ಟಿದ್ದನ್ನ ಬರೀರಿ ಪದ್ಮಶ್ರೀ. ಮೂವತ್ತಕ್ಕೆ ಕಳಿಸ್ಬೇಕು. ಅವ್ರೂರಿನ ಸಂದಿಗೊಂದಿ ಎಲ್ಲಾ ನಮಗ್ಯಾಕೆ?"

ಬ್ಯಾಟರಾಯನಪುರದ ಮನೆಗೆ ಬಂದಾಗಲೂ ಆ ಕಂಡಿ ತಲೆಯಲ್ಲೇ ಕೊರೆಯುತ್ತಿತ್ತು. ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ಮುನಿಗಂಗಮ್ಮನ ಮುಂದೆ ಕೂತು, ಪೇಪರಿನ ಅಂಚಿನಲ್ಲಿ ಗೀಚಿ ತೋರಿಸಿದಳು.

"ಅದು ಓಡಾಡೋ ದಾರಿ ಕಣೇ," ಎಂದಳು ಅಜ್ಜಿ, ನೋಡಿದ ಕೂಡಲೇ. "ಯಾರ್ದೋ ವೊಲ ಇದ್ದಿರ್ಬೇಕು. ನಮ್ ವೊಲ ಲೇಔಟ್ ಆದಾಗ್ಲೂ ಮುನೇಶ್ವರನ ಕಲ್ಲಿಗೆ ದಾರಿ ಬಿಡ್ತೀವಿ ಅಂದಿದ್ರು. ಬರೀ ಬಾಯ್ಮಾತು. ಈಗ ನಾನು ಆಟೋ ಮಾಡ್ಕಂಡು ಸುತ್ತಾಕಂಡು ವೋಗ್ಬೇಕು. ಗೋಡೆ ಎದ್ದ್ ಮ್ಯಾಲೆ ಯಾರ್ನ ಕೇಳೀಯೆ? ಈಗ್ಲೇ ಕೇಳು."

ಗುರುವಾರದ ವಿಡಿಯೋ ಕಾಲ್‌ನಲ್ಲಿ ಪದ್ಮಶ್ರೀ ಕೇಳಿಯೇಬಿಟ್ಟಳು. "ಈ ಮೂಲೇಲಿ ಯಾರಾದ್ರೂ ಓಡಾಡ್ತಾರಾ ಸರ್?" ಅಶ್ವತ್ಥ್ ಅವಳತ್ತ ದುರುಗುಟ್ಟಿ ನೋಡಿದ. ಜಪಾನಿನ ಯುವ ಎಂಜಿನಿಯರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಹಿಂದೆ ಕೂತಿದ್ದವರು ಒಕಾಬೆ, 1987ರ ಮೆಟ್ಟಿಲುಗಳ ನಕ್ಷೆ ಬರೆದಿದ್ದ ಹಿರಿಯರು. ಅವರು ಮುಂದಕ್ಕೆ ಸರಿದು ಮೈಕ್ ಎಳೆದುಕೊಂಡರು. ತಪ್ಪು ಮಾಡಿದೆನೇನೋ ಎಂದುಕೊಂಡಳು ಪದ್ಮಶ್ರೀ.

ಒಕಾಬೆ ಹೇಳಿದ್ದನ್ನು ದುಭಾಷಿ ತಿಳಿಸಿದಳು: ಆ ಬಯಲು ಮೂರು ರೈತ ಕುಟುಂಬಗಳು ಬಿಟ್ಟುಕೊಟ್ಟ ಗದ್ದೆ. ದಿಬ್ಬದ ಆಚೆ ಅವರ ಹಿರಿಯರ ಸಮಾಧಿಗಳಿವೆ. ದಾರಿ ಮುಚ್ಚುವುದಿಲ್ಲ ಎಂದು ಊರಿನವರು ಮಾತು ಕೊಟ್ಟಿದ್ದರು, ಕಾಗದದಲ್ಲಲ್ಲ. ಈಗಲೂ ಪ್ರತಿ ಆಗಸ್ಟ್‌ನಲ್ಲಿ, ಹಿರಿಯರನ್ನು ನೆನೆಯುವ ಹಬ್ಬಕ್ಕೆ, ಆ ಮನೆಯವರು ಹೂವು ಹಿಡಿದು ಅಲ್ಲಿಂದಲೇ ಹೋಗುತ್ತಾರೆ.

"ಹೊಸಬರಿಗೆ ನಾನು ಹೇಳಬೇಕಿತ್ತು, ಮರೆತೆ," ಎಂದು ಒಕಾಬೆ ತಲೆಬಾಗಿದರು.

ಗ್ಯಾಲರಿಯ ಅಡಿಯಲ್ಲಿ ದಾರಿ ಬಿಡಲು ಎರಡು ಕಂಬ ಸರಿಸಬೇಕಾಯಿತು, ಒಂದು ತೊಲೆ ದಪ್ಪವಾಗಬೇಕಾಯಿತು. ಹನ್ನೊಂದು ದಿನದ ಹೆಚ್ಚಿನ ಕೆಲಸ. ಮೊದಲ ದಿನವೆಲ್ಲ ಗೊಣಗಿದ ಅಶ್ವತ್ಥ್, ಎರಡನೆಯ ದಿನ ತಾನೇ ಕುರ್ಚಿ ಎಳೆದುಕೊಂಡು ಬಂದು ತೊಲೆಯ ಲೆಕ್ಕಕ್ಕೆ ಕೂತ. ಮುಗಿದಾಗ ಪದ್ಮಶ್ರೀ ನಕ್ಷೆಯ ಆ ಮೂಲೆಯಲ್ಲಿ ಒಂದು ಟಿಪ್ಪಣಿ ಸೇರಿಸಿದಳು: ಮೂರು ಕುಟುಂಬಗಳ ದಾರಿ, ಮುಚ್ಚಬಾರದು.

ಎರಡು ವರ್ಷದ ನಂತರ, ಆಗಸ್ಟ್‌ನ ಒಂದು ಶನಿವಾರ ಮಧ್ಯಾಹ್ನ, ಹೊಸ ಗ್ಯಾಲರಿಯ ಮೊದಲ ಪಂದ್ಯ. ಪದ್ಮಶ್ರೀ ಲ್ಯಾಪ್‌ಟಾಪನ್ನು ಅಜ್ಜಿಯ ಮಂಚದ ಮೇಲಿಟ್ಟಳು. ಅವತ್ತು ಬೆಳಿಗ್ಗೆ ತೆಗೆದ ಫೋಟೊ ಒಂದನ್ನು ಒಕಾಬೆ ಕಳಿಸಿದ್ದರು: ಗ್ಯಾಲರಿಯ ಕೆಳಗಿನ ದಾರಿಯಲ್ಲಿ ಹೂವಿನ ಕಟ್ಟು ಹಿಡಿದ ಇಬ್ಬರು ಮುದುಕಿಯರು, ಗಾಲಿಕುರ್ಚಿಯಲ್ಲಿ ಒಬ್ಬ ಮುದುಕ.

"ಕುರ್ಚಿನೂ ಆರಾಮಾಗಿ ವೋಗ್ತೈತೆ," ಎಂದಳು ಅಜ್ಜಿ, ಕನ್ನಡಕ ಏರಿಸಿಕೊಂಡು.

ಮಿಯಾನೋಸೆ ಎರಡು ಗೋಲು ಹಿಂದಿತ್ತು. ಇನ್ನು ಇಪ್ಪತ್ತು ನಿಮಿಷ ಇರುವಾಗ ಅವರದೊಂದು ಗೋಲು ಬಿತ್ತು. ಇಡೀ ಉತ್ತರ ಗ್ಯಾಲರಿ ಎದ್ದು ಕುಣಿಯಿತು. ಪದ್ಮಶ್ರೀಗೆ ಕಣ್ಣು ತುಂಬಿ ಪರದೆ ಮಂಜಾಯಿತು.

ಅಜ್ಜಿ ಮಂಚದ ತುದಿಗೆ ಸರಿದಳು. "ಇನ್ನೊಂದು ವೊಡೀರ್ಲಾ!"