ಆಮೇಲೆ ಮೇಡಂ ಒಳಗಿದ್ದಾರೆ

ಮನೆ ಮಾರಿಸುವ ಆ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು 'ಆಮೇಲೆ ಮೇಡಂ' ಎಂದು. ಮನೆ ಮಾರಲು ಕೊಡುವ ಹೊಸ ಓನರುಗಳಿಗೆ ಫೋನ್ ಮಾಡಿದಿರಾ ಎಂದು ಯಾರು ಕೇಳಿದರೂ ಅವಳ ಉತ್ತರ ಒಂದೇ: "ಆಮೇಲೆ ಮಾಡ್ತೀನಿ."

ಸೋಮಾರಿ ಎಂದುಕೊಂಡೀರಿ, ಖಂಡಿತ ಅಲ್ಲ. ಬೆಳಿಗ್ಗೆ ಬಂದಳೆಂದರೆ ಕಾಲಿಗೆ ಚಕ್ರ ಕಟ್ಟಿಕೊಂಡವಳು. ಪ್ರಿಂಟರಿನ ಬಾಯಲ್ಲಿ ಸಿಕ್ಕಿದ ಕಾಗದ ಎಳೆಯುವವಳು ಅವಳೇ, ಯಜಮಾನರು ಹಣೆಯ ಮೇಲೇರಿಸಿಕೊಂಡು ಮರೆತ ಕನ್ನಡಕ ಹುಡುಕಿಕೊಡುವವಳು ಅವಳೇ. ಇದರ ನಡುವೆ ಮನೆಯಿಂದ ಅತ್ತೆಯ ಫೋನು: "ಏನೇ, ಟೀವಿ ರಿಮೋಟ್ ಎಲ್ಲಿಟ್ಟೆ?" ಅಂತೂ ಅವಳ ಬೆಳಗನ್ನೆಲ್ಲ ಊರವರು ಹಂಚಿಕೊಂಡು ಮುಗಿಸುತ್ತಿದ್ದರು. ಊಟವಾದ ಮೇಲೆ ಉಳಿಯುತ್ತಿದ್ದ ಚೂರುಪಾರು ಶಕ್ತಿಯಲ್ಲಿ ಅವಳು ಫೋನ್ ಹಿಡಿದು "ನಮಸ್ಕಾರ" ಎಂದರೆ, ಆಚೆಯವರು ಗಾಬರಿಯಿಂದ "ಯಾರಿಗೆ ಹುಷಾರಿಲ್ಲ?" ಎನ್ನುತ್ತಿದ್ದರು.

ಯಜಮಾನರು ಕೆಟ್ಟವರಲ್ಲ, ಆದರೆ ಅವರ ತಾಳ್ಮೆಗೂ ಒಂದು ಮಿತಿ ಇತ್ತಲ್ಲ. ಆ ವಾರದ ಮೊದಲಲ್ಲೇ ಕರೆದು ಹೇಳಿದ್ದರು: "ನೋಡಿ ಮೇಡಂ, ಶನಿವಾರದೊಳಗೆ ಫೋನ್ ಮಾಡಿ ಒಬ್ಬ ಹೊಸ ಓನರ್‌ನ ಹಿಡ್ಕೊಂಡು ಬನ್ನಿ. ಇಲ್ಲಾಂದ್ರೆ ಸೋಮವಾರದಿಂದ ಮುಂದಿನ ಕೌಂಟರಲ್ಲಿ ಕೂತ್ಕೊಳ್ಳಿ. ಮನೆ ತೋರಿಸೋ ಕೆಲಸ ಬೇರೆಯವರು ನೋಡ್ಕೋತಾರೆ."

ಮನೆ ತೋರಿಸುವುದೆಂದರೆ ಅವಳಿಗೆ ಪ್ರಾಣ. ಬರಿದಾದ ಕೋಣೆಯೊಳಗೆ ಬಂದ ಗಂಡಹೆಂಡಿರು ಗೋಡೆಯಿಂದ ಗೋಡೆಗೆ ಕಣ್ಣಾಡಿಸಿ, ಆಮೇಲೆ "ಮಂಚ ಇಲ್ಲಿ ಹಾಕಬಹುದು" ಎಂದು ಪಿಸುಗುಟ್ಟುತ್ತಾರಲ್ಲ, ಆ ಮಾತು ಕೇಳುವುದಕ್ಕಾಗಿಯೇ ಅವಳು ಈ ಕೆಲಸಕ್ಕೆ ಅಂಟಿಕೊಂಡಿದ್ದಳು. ಕೌಂಟರಿನಲ್ಲಿ ಕುಳಿತರೆ ಅದನ್ನು ಯಾರು ಕೇಳಿಸುತ್ತಾರೆ?

ಶನಿವಾರ ಬಂದೇಬಿಟ್ಟಿತು. ಬೆಳಿಗ್ಗೆ ಕಚೇರಿಯೊಳಗೆ ಕಾಲಿಟ್ಟವಳು, ಯಜಮಾನರು ಆಗಲೇ ಮೇಜಿನ ಕೆಳಗೆ ಬಗ್ಗಿ ಕನ್ನಡಕ ಹುಡುಕುತ್ತಿರುವುದನ್ನು ಕಂಡಳು. ಅವಳೊಳಗೆ ಏನೋ ಚಿಟಿಕೆ ಹೊಡೆದಂತಾಯಿತು. ಗೋಡೆಯ ಮೊಳೆಗೆ ತೂಗುತ್ತಿದ್ದ ಬೀಗದ ಕೈಗಳಲ್ಲಿ ಒಂದನ್ನು ಎಳೆದುಕೊಂಡು, ಹೇಳದೆ ಕೇಳದೆ ಹಿಂದಿನ ಬೀದಿಗೆ ಓಡಿದಳು. ಅಲ್ಲಿನ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಮಾರಾಟಕ್ಕಿದ್ದ ಖಾಲಿ ಮನೆಯೊಂದಿತ್ತು. ಅಲ್ಲಿ ಪ್ರಿಂಟರಿಲ್ಲ, ಕನ್ನಡಕವಿಲ್ಲ. ಅತ್ತೆಗೂ ಮೊದಲೇ ಹೇಳಿಯಾಗಿತ್ತು, "ರಿಮೋಟ್ ದಿಂಬಿನ ಕೆಳಗಿದೆ, ಇವತ್ತು ಫೋನ್ ಮಾಡಬೇಡಿ" ಎಂದು. ಆ ಕಟ್ಟಡದ ಓನರುಗಳೆಲ್ಲರ ನಂಬರುಗಳೂ ಅವಳ ಮೊಬೈಲಿನಲ್ಲಿದ್ದವು. ಒಂದು ಮನೆ ಮಾರಾಟಕ್ಕೆ ಬಂದರೆ ಅದರ ಅಕ್ಕಪಕ್ಕದವರಿಗೆಲ್ಲ ಫೋನ್ ಮಾಡಿ ನಿಮ್ಮದನ್ನೂ ಮಾರುತ್ತೀರಾ ಎಂದು ಕೇಳಬೇಕೆನ್ನುವುದು ಈ ಕಸುಬಿನ ಪದ್ಧತಿ.

ಬೀಗ ತೆಗೆದು, ಒಳಗೆ ಹಾರಿ, ಹುರುಪಿನಲ್ಲಿ ಬಾಗಿಲನ್ನು ದಢಾರನೆ ಹಾಕಿಕೊಂಡಳು. ಬಾಗಿಲು ತಾನಾಗಿಯೇ ಲಾಕ್ ಆಯಿತು. ಒಳಗಿನ ಹಿಡಿ ಅವಳ ಕೈಗೇ ಬಂತು.

ಕೈಯಲ್ಲಿದ್ದ ಹಿಡಿಯನ್ನು ನೋಡಿದಳು, ಬಾಗಿಲಿನ ತೂತನ್ನು ನೋಡಿದಳು. ಬೀಗದ ಕೈ ಎಲ್ಲಿ? ಹೊರಗೆ, ಬಾಗಿಲಲ್ಲೇ. ಅದಕ್ಕೆ ಕಟ್ಟಿದ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿತ್ತು: 'ಒಳಗಿನ ಹಿಡಿ ಸಡಿಲ. ಬಾಗಿಲು ಹಾಕಿಕೊಳ್ಳಬೇಡಿ.' ಬರೆದವಳೂ ಅವಳೇ, ಬಂದ ಗಿರಾಕಿಗಳಿಗೆಲ್ಲ ಓದಿ ಹೇಳುತ್ತಿದ್ದವಳೂ ಅವಳೇ.

ಬಾಗಿಲು ಬಡಿದಳು, ಕೂಗಿದಳು. ಯಾರೂ ಬರಲಿಲ್ಲ. ಕಚೇರಿಗೆ ಫೋನ್ ಮಾಡೋಣವೆಂದರೆ ಮರ್ಯಾದೆ ಮೂರಾಬಟ್ಟೆ. ಉಳಿದದ್ದು ಅಕ್ಕಪಕ್ಕದ ಓನರುಗಳು. ಕೆಳಮನೆಯವರ ನಂಬರು ಒತ್ತಿದಳು. ಅಭ್ಯಾಸಬಲ, ನಾಲಿಗೆ ತಾನೇ ಹೊರಳಿತು: "ನಮಸ್ಕಾರ ಸಾರ್, ನಾನು ರಿಯಲ್ ಎಸ್ಟೇಟ್..."

"ಬೇಡ."

"ಅಯ್ಯೋ ಇಡಬೇಡಿ ಸಾರ್! ನಿಮ್ಮ ಮೇಲ್ಗಡೆ ಮನೇಲಿ ಸಿಕ್ಕಾಕ್ಕೊಂಡಿದ್ದೀನಿ! ಹಿಡಿ ಕೈಗೇ ಬಂದ್ಬಿಡ್ತು!"

ಆಚೆಯಿಂದ ಬಂತು ನೋಡಿ ನಗು, ಅಣೆಕಟ್ಟು ಒಡೆದ ಹಾಗೆ. "ಕ್ಷಮಿಸಿ ತಾಯಿ, ನಗಬಾರದು. ಆದ್ರೆ ಅದೇ ಕಟ್ಟಡದ ತಾರಸಿ ಮೇಲೆ ನಾನೂ ಒಂದ್ಸಲ ಸಿಕ್ಕಾಕ್ಕೊಂಡಿದ್ದೆ. ಮೈಮೇಲೆ ಬರೀ ಟವೆಲು!"

ಅವಳಿಗೂ ನಗು ತಡೆಯಲಾಗಲಿಲ್ಲ. "ಟವೆಲ್ ಸಾರ್? ಆಮೇಲೆ?"

ಈ ಸಲ 'ಆಮೇಲೆ' ಎಂದದ್ದು ತಪ್ಪಿಸಿಕೊಳ್ಳಲಿಕ್ಕಲ್ಲ, ನಿಜವಾಗಿ ಕೇಳಲಿಕ್ಕೆ. ಟವೆಲ್ ಮಹಾಶಯರು ಕಥೆಯನ್ನು ಬಿಡಿಸಿ ಬಿಡಿಸಿ ಹೇಳಿದರು. ಅವರೀಗ ಮಗಳ ಮನೆಯಲ್ಲಿದ್ದರು, ದೂರ. ಮೂರನೇ ಮಹಡಿಯ ಎದುರು ಮನೆಯ ನರ್ಸಮ್ಮನಿಗೆ ತಾವೇ ಹೇಳುತ್ತೇನೆ, ಹೆದರಬೇಡಿ ಎಂದರು.

ಫೋನ್ ಇಟ್ಟ ಮೇಲೂ ಅವಳ ನಗು ನಿಲ್ಲಲಿಲ್ಲ. ಖಾಲಿ ಕೋಣೆ ಅವಳ ನಗುವನ್ನು ಅವಳಿಗೇ ತಿರುಗಿಸಿ ಕೊಡುತ್ತಿತ್ತು. ಮೈಯೆಲ್ಲ ಹಗುರ, ದನಿ ಗಟ್ಟಿ. ಬೆಳಗಿನ ತನ್ನ ದನಿ ಹೀಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅದನ್ನು ಇಷ್ಟು ದಿನ ಪ್ರಿಂಟರಿಗೆ ಕೊಡುತ್ತಿದ್ದಳಲ್ಲ! ಕೈಲಿದ್ದ ಹಿಡಿಯನ್ನು ತಿರುಗಿಸುತ್ತ, ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ನಡೆಯುತ್ತ ಇನ್ನೊಬ್ಬರಿಗೆ ಮಾಡಿದಳು, ಮತ್ತೊಬ್ಬರಿಗೆ ಮಾಡಿದಳು. ಒಬ್ಬಾಕೆ ಹಾರೆ ತರಿಸಲೇ ಎಂದಳು. ಇನ್ನೊಬ್ಬರು ಬೈದರು. ಬೈದದ್ದಕ್ಕೂ ಅವಳಿಗೆ ನಗು ಬಂತು, ಕೊನೆಗೆ ಬೈದವರೂ ನಕ್ಕರು.

ಅಷ್ಟರಲ್ಲಿ ಬೀಗ ತಿರುಗಿ ಬಾಗಿಲು ತೆರೆಯಿತು. ನರೆತ ಕೂದಲು, ಸೊಂಟಕ್ಕೆ ಕೈ: ನರ್ಸಮ್ಮ. ಜೀವನವೆಲ್ಲ ವಾರ್ಡು ಕಾದು ನಿವೃತ್ತಿಯಾದವರು.

"ಸ್ನಾನಕ್ಕೆ ಹೋಗಿದ್ದೆ, ಕೇಳಿಸ್ಲಿಲ್ಲ ಮಗಳೇ. ಬಾ ಆಚೆ."

ಅವಳು ಹೊಸ್ತಿಲವರೆಗೆ ಬಂದಳು. ಹೊರಗೆ ಕಚೇರಿ ಇತ್ತು, ಕನ್ನಡಕ ಇತ್ತು. ಥಟ್ಟನೆ ಹಿಂದೆ ಸರಿದಳು.

"ಅಮ್ಮಾ, ಒಂದು ಉಪಕಾರ ಮಾಡ್ತೀರಾ? ಮತ್ತೆ ಹಾಕ್ಬಿಡಿ."

"ಏನು?"

"ಬಾಗಿಲು. ಹನ್ನೊಂದು ಗಂಟೆವರೆಗೂ ಯಾರನ್ನೂ ಬಿಡಬೇಡಿ. ನನಗೆ ಇವತ್ತೇ ಕಡೇ ದಿನ, ಇನ್ನೂ ಯಾರೂ ಮನೆ ಮಾರಿಸೋಕೆ ಕೊಡ್ತೀನಿ ಅಂದಿಲ್ಲ."

ನರ್ಸಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಆ ಕಣ್ಣಲ್ಲಿ ಹಳೆಯ ಕಾಲದ ಮಿಂಚು. "ಜನಾನ ಹೊರಗೆ ನಿಲ್ಸೋದಾ? ಅದೊಂದು ನನಗೆ ಬಿಡು." ಬಾಗಿಲು ಹಾಕಿ, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಅಡ್ಡಲಾಗಿ ಕುಳಿತರು.

ಸ್ವಲ್ಪ ಹೊತ್ತಿಗೆ ಮೆಟ್ಟಿಲಲ್ಲಿ ಏದುಸಿರು. ಗಿರಾಕಿಗೆ ಮನೆ ತೋರಿಸಬೇಕು, ಮೊಳೆಯಲ್ಲಿ ಬೀಗದ ಕೈ ಇಲ್ಲ; ಯಜಮಾನರೇ ಹುಡುಕಿಕೊಂಡು ಬಂದಿದ್ದರು. ಬಾಗಿಲಾಚೆಯ ಮಾತು ಒಳಗೆ ಚೆನ್ನಾಗಿ ಕೇಳುತ್ತಿತ್ತು.

"ನಮ್ಮ ಆಫೀಸಿನ ಬೀಗದ ಕೈ ಅದು. ಒಳಗೆ ಯಾರಿದ್ದಾರೆ?"

"ಇದ್ದಾರೆ. ಈಗ ನೋಡೋ ಹಾಗಿಲ್ಲ."

"ಅಮ್ಮಾ, ನಾನು ಅವರ ಯಜಮಾನ!"

"ಅವರ ಗಂಡನೇ ಆದ್ರೂ ಅಷ್ಟೇ. ಹನ್ನೊಂದಕ್ಕೆ ಬನ್ನಿ."

ಅವಳು ಸೆರಗು ಬಾಯಿಗೆ ತುರುಕಿಕೊಂಡಳು. ಅದೇ ಹೊತ್ತಿಗೆ ಫೋನ್ ರಿಂಗಾಯಿತು. ಟವೆಲ್ ಮಹಾಶಯರು.

"ಬಿಡಿಸಿದ್ರಾ ತಾಯಿ?"

"ಬಿಡಿಸಿದ್ರು ಸಾರ್. ಮತ್ತೆ ಕೂಡಿ ಹಾಕಿಸ್ಕೊಂಡಿದ್ದೀನಿ."

ಆ ಕಡೆ ನಗು ಮುಗಿಯಲು ಸಾಕಷ್ಟು ಹೊತ್ತು ಹಿಡಿಯಿತು. ಮುಗಿದ ಮೇಲೆ ಅವರ ದನಿ ಮೆತ್ತಗಾಯಿತು. "ನಮ್ಮೋಳು ಹೋದ್ಮೇಲೆ ಆ ಮನೆಗೆ ಬೀಗ ಹಾಕಿದೋನು ಮತ್ತೆ ಕಾಲಿಟ್ಟಿಲ್ಲ. ಮಾರಿಸ್ತೀವಿ ಅಂತ ತುಂಬಾ ಜನ ಫೋನ್ ಮಾಡಿದ್ರು. ಯಾರ್ ಜೊತೇನೂ ನಗು ಬರ್ಲಿಲ್ಲ. ನೀವು ತೋರಿಸಿ ತಾಯಿ. ಯಾರಾದ್ರೂ ಬಂದು ಮಂಚ ಹಾಕ್ಕೊಳ್ಳಲಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ಖುಷಿಯಲ್ಲೂ ಅಳು ಬರುತ್ತದೆಯೇ! "ಚೆನ್ನಾಗಿ ತೋರಿಸ್ತೀನಿ ಸಾರ್," ಎಂದಳು.

ಆಮೇಲೆ ಬಾಗಿಲಿನ ತೂತಿಗೆ ಬಾಯಿಟ್ಟು ಕೂಗಿದಳು: "ಸಾರ್! ಕೆಳಗಡೆ ಮನೆ ಓನರ್ ಒಪ್ಕೊಂಡ್ರು! ಮಾರಿಸೋಕೆ ನಮಗೇ ಕೊಡ್ತಾರಂತೆ!"

"ಹೌದಾ? ಭೇಷ್! ಹಾಗಾದ್ರೆ ಬನ್ನಿ ಆಚೆ! ನನ್ನ ಕನ್ನಡಕ ಬೇರೆ ಸಿಕ್ತಿಲ್ಲ, ಮೆಟ್ಲು ಕೂಡ ತಡವರಿಸ್ಕೊಂಡು ಹತ್ತಿದ್ದೀನಿ!"

ಅವಳು ಮೊಬೈಲಿನಲ್ಲಿ ಗಂಟೆ ನೋಡಿದಳು. ಹನ್ನೊಂದಾಗಲು ಇನ್ನೂ ಹೊತ್ತಿತ್ತು. ಮುಂದಿನ ನಂಬರು ಒತ್ತುತ್ತ ಹೇಳಿದಳು:

"ಆಮೇಲೆ ಸಾರ್!"

ಹೊರಗೆ ನರ್ಸಮ್ಮ ಕುರ್ಚಿಯನ್ನು ಇನ್ನಷ್ಟು ಬಾಗಿಲಿಗೆ ಒತ್ತಿ ಕುಳಿತರು. "ಕೇಳಿಸ್ತಲ್ಲ? ಹಣೆ ಮೇಲಿರೋ ಕನ್ನಡಕ ಇಳಿಸ್ಕೊಂಡು, ಹುಷಾರಾಗಿ ಮೆಟ್ಲು ಇಳೀರಿ."