ಅಳಿಸಿದ ಮೇಲೂ ಉಳಿದ ಸಾಲು

ಗಂಡನ ಹೊಡೆತ ತಾಳಲಾರದೆ ಮಗಳ ಕೈ ಹಿಡಿದು ಊರು ಬಿಟ್ಟ ದರ್ಜಿ ಹೆಂಗಸು, ಈ ಹೊಸ ಊರಿನಲ್ಲಿ ಎರಡು ವರ್ಷ ಎಲೆಮರೆಯ ಕಾಯಿಯಂತೆ ಬಾಳಿದ್ದಳು. ಆ ಬೆಳಿಗ್ಗೆ ಗಿರಾಕಿಯೊಬ್ಬಳು ನಗುತ್ತಾ ಮೊಬೈಲು ಮುಂದೆ ಹಿಡಿದಳು.

"ನೋಡಕ್ಕಾ, ನಿನ್ನ ಹೆಸರು ಹೊಡೆದ್ರೆ ನೀನೇ ಮೊದಲು. ವರ್ತಕರ ಸಂಘದವರು ಹಾಕಿದ್ದಾರೆ."

ಸರ್ಚಿನ ಮೊದಲ ಸಾಲಿನಲ್ಲಿ ಅವಳ ಹೆಸರು, ಹೊಲಿಗೆ, ಫೋನ್ ನಂಬರು. ಒತ್ತಿದರೆ ತೆರೆಯುವ ಪುಟದಲ್ಲಿ ಫೋಟೋ, ಅಂಗಡಿಯ ವಿಳಾಸ. ಗಂಡ ಹುಡುಕಿದರೂ ಇದೇ ಸಿಗುತ್ತದೆ. ದರ್ಜಿ ಕತ್ತರಿ ಅಲ್ಲೇ ಬಿಟ್ಟು, ಮೂಲೆಯ ಗ್ರಂಥಾಲಯಕ್ಕೆ ಓಡಿದಳು. ಅವಳ ಕಥೆ ಬಲ್ಲವಳು ಅಲ್ಲಿನ ಗ್ರಂಥಪಾಲಕಿ ಒಬ್ಬಳೇ.

ಗ್ರಂಥಪಾಲಕಿ ಫೋನು ಮಾಡಿದ ಹತ್ತೇ ನಿಮಿಷದಲ್ಲಿ ಸಂಘದ ಗುಮಾಸ್ತ ಪುಟ ಅಳಿಸಿದ. ಮತ್ತೆ ಹುಡುಕಿದರು. ಒತ್ತಿದರೆ ಪುಟ ತೆರೆಯಲಿಲ್ಲ, ಆದರೆ ಆ ಸಾಲು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.

"ಅಳಿಸಿದ್ರಲ್ಲ ಮೇಡಂ?"

"ನಾವು ಕೇಳಿದಾಗ ಈ ಸರ್ಚು ಲೋಕ ಸುತ್ತೋಕೆ ಹೋಗಲ್ಲಮ್ಮ. ಅದರ ಪ್ರೋಗ್ರಾಮುಗಳು ಲಿಂಕಿಂದ ಲಿಂಕಿಗೆ ಹೋಗ್ತಾ ಪುಟಗಳನ್ನ ಮೊದಲೇ ಓದಿ, ಯಾವ ಪದ ಎಲ್ಲಿದೆ ಅಂತ ಬರೆದಿಟ್ಟಿರ್ತವೆ. ಪುಸ್ತಕದ ಕೊನೇಲಿ ಪದಸೂಚಿ ಇರುತ್ತಲ್ಲ, ಹಾಗೆ. ಪುಟ ಹರಿದರೂ ಸೂಚಿ ಹಳೇದೇ, ಅವು ಮತ್ತೆ ಬಂದು ನೋಡೋ ತನಕ."

"ಯಾವಾಗ ಬರ್ತವೆ?"

"ಇವತ್ತೂ ಬರಬಹುದು, ತಿಂಗಳೂ ಆಗಬಹುದು."

"ನನ್ನನ್ನೇ ಯಾಕೆ ಮೊದಲು ತೋರಿಸಬೇಕು? ನಾನೇನು ಮಂತ್ರಿನಾ?"

"ಹೊಡೆದ ಹೆಸರು ಆ ಪುಟದಲ್ಲಿ ಹಾಗೇ ಇತ್ತು. ಮೇಲಾಗಿ ಸಂಘದ ಸೈಟಿಗೆ ಎಷ್ಟೋ ಜನ ಲಿಂಕ್ ಕೊಟ್ಟಿದ್ದಾರೆ, ಅದಕ್ಕೇ ತೂಕ ಜಾಸ್ತಿ. ಹುಡುಕೋನು ಒಳ್ಳೆಯವನಾ ಕೆಟ್ಟವನಾ ಅಂತ ಅದು ಕೇಳಲ್ಲ."

ಹಳೆಯ ಸಾಲು ತೆಗೆಯಿರೆಂದು ಕೋರುವ ಅರ್ಜಿ ಸರ್ಚಿನವರ ಬಳಿಯೇ ಇತ್ತು. ತುಂಬಿ ಕಳಿಸಿದರು. ಆಮೇಲೆ ಕಾಯುವ ಕೆಲಸ. ಗಳಿಗೆಗೊಮ್ಮೆ ಹುಡುಕಿದರು, ಸಾಲು ಇದ್ದೇ ಇತ್ತು. ಮೂರಕ್ಕೆ ದರ್ಜಿ ಶಾಲೆಗೆ ಹೋಗಿ, ಹಿಂದೆ ಮುಂದೆ ನೋಡುತ್ತಾ ಮಗಳನ್ನು ಗ್ರಂಥಾಲಯಕ್ಕೇ ಕರೆತಂದಳು.

ನಾಲ್ಕೂವರೆಗೆ ಗ್ರಂಥಪಾಲಕಿ ಪರದೆಯನ್ನು ಅವಳತ್ತ ತಿರುಗಿಸಿದಳು. ಸಾಲು ಹೋಗಿತ್ತು. ದರ್ಜಿ ಕುರ್ಚಿಗೆ ಒರಗುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಗಿರಾಕಿಯಿರಬಹುದೆಂದು ಎತ್ತಿದಳು.

"ಕೊನೆಗೂ ಸಿಕ್ಕೆ," ಎಂದಿತು ಗಂಡನ ದನಿ. "ಯಾವ ಊರಲ್ಲಿದ್ದೀಯ? ಮರ್ಯಾದೆಯಾಗಿ ಹೇಳು."

ಊರು ಕೇಳುತ್ತಿದ್ದಾನೆಂದರೆ ಅವನಿಗೆ ಗೊತ್ತಿಲ್ಲ. ಉಳಿದಿದ್ದ ಸಾಲಿನಿಂದ ನಂಬರು ಸಿಕ್ಕಿದೆ. ವಿಳಾಸ ಅಳಿಸಿದ ಪುಟದ ಜೊತೆಗೇ ಹೋಗಿದೆ. ಕರೆ ಕತ್ತರಿಸಿದಳು.

"ನಂಬರು ಬದಲಾಯಿಸಿಬಿಡಿ," ಎಂದಳು ಗ್ರಂಥಪಾಲಕಿ.

"ಬದಲಾಯಿಸ್ತೀನಿ. ಅದಕ್ಕೆ ಮೊದಲು ಠಾಣೆಗೆ ಹೋಗ್ಬೇಕು. ಜೊತೆಗೆ ಬರ್ತೀರಾ?"

ಮಗಳನ್ನೂ ಕರೆದುಕೊಂಡು ಹೊರಟರು. ದಾರಿಯುದ್ದಕ್ಕೂ ಫೋನು ಬಡಿದುಕೊಳ್ಳುತ್ತಲೇ ಇತ್ತು. ಸಾಕ್ಷಿಗಿರಲೆಂದು ದರ್ಜಿ ಅದನ್ನು ಆಫ್ ಮಾಡಲಿಲ್ಲ. ಠಾಣೆಯಲ್ಲಿ ಫೋನನ್ನು ಮಹಿಳಾ ಪೊಲೀಸಿನ ಮೇಜಿನ ಮೇಲಿಟ್ಟು, ಎರಡು ವರ್ಷ ಮುಚ್ಚಿಟ್ಟುಕೊಂಡಿದ್ದ ತೋಳಿನ ಕಲೆಯ ಮೇಲಿಂದ ಸೆರಗು ಸರಿಸಿದಳು.

"ಮೊದಲಿಂದ ಹೇಳ್ತೀನಿ," ಎಂದಳು. "ಬರ್ಕೊಳ್ಳಿ."