ತಿಳಿಯುವ ಹಾಗೆ ಹೇಳಿದ್ದು

ತಮ್ಮ ಚಿದಂಬರನ ಪೇಟೆಂಟ್ ವಿಚಾರಣೆ ಇದೆಯೆಂದು ಗಿರಿಜಮ್ಮ ಬೆಳಿಗ್ಗೆಯೇ ಇಳಕಲ್ ಸೀರೆ ಉಟ್ಟು ಕೂತಿದ್ದಳು. ಮುಂಬಯಿಯ ಅಧಿಕಾರಿ ಬರುವುದು ಲ್ಯಾಪ್‌ಟಾಪಿನಲ್ಲಿ, ಅಲ್ಲಿ ಮಾಮಾ ಮಾತ್ರ ಕಾಣುತ್ತಾನೆ, ನೀನು ಕಾಣುವುದಿಲ್ಲ ಎಂದು ಮಗಳು ಗಗನಾ ಹೇಳಿ ಸೋತಳು.

"ಕಾಣ್ದಿದ್ರ ಏನಾತು? ಮನಿಗಿ ಪೇಟೆಂಟ್ ಬರೋ ದಿನಾ ನೈಟಿ ಮ್ಯಾಲ ಕುಂದ್ರಲೇನು?"

ಚಿದಂಬರನಿಗೆ ನಗು ಬರಲಿಲ್ಲ.

ಓಝರ್ ಕಡೆಯ ಕಾರ್ಖಾನೆ ಕೆಲಸ ಬಿಟ್ಟು, ನಾಶಿಕದ ಅಂಬಡ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ ಹಿಡಿದು, ಅವನು ವರ್ಷಗಟ್ಟಲೆ ಒಂದೇ ವಸ್ತುವಿಗೆ ಗಂಟು ಬಿದ್ದಿದ್ದ: ಕಾಗದದಂಥ ಗ್ರಾಫೈಟ್ ಹಾಳೆ. ಚಾರ್ಜರಿನೊಳಗಿನ ಬಿಸಿಯನ್ನು ಅದು ಸರಸರನೆ ಅಗಲಕ್ಕೆ ಹರಡುತ್ತದೆ, ಆದರೆ ಕೆಳಕ್ಕೆ ಇಳಿಸುವುದಿಲ್ಲ. ಚಿದಂಬರ ಅದರ ಮೇಲೆ ಸೂಜಿಗಳ ರೋಲರ್ ಉರುಳಿಸಿ, ಒಳಗಿನ ಪದರಗಳನ್ನು ಅಲ್ಲಲ್ಲಿ ನೆಟ್ಟಗೆ ನಿಲ್ಲಿಸಿದ. ಬಿಸಿ ಇಳಿಯಿತು. ಸಂಭಾಜಿನಗರದ ಹತ್ತಿರ ವಾಳೂಜಿನಲ್ಲಿ ಚಾರ್ಜರ್ ಮಾಡುವ ಕಂಪನಿಯವರು ಹಾಳೆ ನೋಡಿ, "ಪೇಟೆಂಟ್ ಆಗಲಿ, ಕೂತು ಮಾತಾಡೋಣ" ಎಂದಿದ್ದರು. ಆಗದಿದ್ದರೆ ಅವರು ಇವನೊಡನೆ ಮಾತಾಡುವ ಅಗತ್ಯವೇ ಇಲ್ಲ. ರೋಲರ್ ಅವರ ಬಳಿಯೂ ಇದೆ, ಸೂಜಿ ಯಾವ ಪೇಟೆಯಲ್ಲೂ ಸಿಗುತ್ತದೆ.

ಅರ್ಜಿ ಹಾಕುವಾಗ ಏಜೆಂಟ್ ರಾಕೇಶ ಕೇಳಿದ್ದ. ನಾಶಿಕದ ಉಡುಪಿ ಹೋಟೆಲಿನವರ ಮಗ, ಸೌಮ್ಯ ಹುಡುಗ. "ಇದನ್ನು ಹೊರಗೆ ಎಲ್ಲಿಯಾದರೂ ಹೇಳಿದ್ದುಂಟಾ ಸರ್?"

"ಹೊರಗ ಎಲ್ಲೂ ಇಲ್ರಿ" ಎಂದಿದ್ದ ಚಿದಂಬರ. ಸುಳ್ಳಲ್ಲ. ಅಕ್ಕನ ಕನ್ನಡ ಸಂಘ ಅವನ ಲೆಕ್ಕದಲ್ಲಿ ಹೊರಗಿನದೇ ಅಲ್ಲ. ಅಲ್ಲಿದ್ದವರೆಲ್ಲ ಮನೆಯ ಮಂದಿ.

ಅರ್ಜಿಗಿಂತ ಕೆಲವು ತಿಂಗಳು ಮೊದಲು, ರಾಜ್ಯೋತ್ಸವದ ದಿನ, ಸಂಘದವರು ಅವನಿಗೆ ಶಾಲು ಹೊದಿಸಿದ್ದರು. ಅವನು ಎರಡು ಮಾತು ಹೇಳುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕೂತ ಮುದುಕಿ ಮಲಕವ್ವ ಕೂಗಿದ್ದಳು: "ಏ ಯಪ್ಪಾ, ನಮಗ ತಿಳಿಯೋಹಂಗ ಹೇಳಲಾ! ಇದೇನು ಕಾರ್ಖಾನಿ ಮೀಟಿಂಗ್ ಐತೇನು?" ಎಲ್ಲರೂ ನಕ್ಕರು. ಗಿರಿಜಮ್ಮ ಊಟಕ್ಕೆಂದು ತಂದ ಜೋಳದ ರೊಟ್ಟಿಗಳ ಕಟ್ಟನ್ನೇ ಅವನ ಕೈಗಿಟ್ಟಳು. ಚಿದಂಬರನಿಗೆ ಹುರುಪು ಬಂತು. ಬಿಸಿ ಒಂದು ರೊಟ್ಟಿಯಿಂದ ಇನ್ನೊಂದಕ್ಕೆ ಯಾಕೆ ದಾಟುವುದಿಲ್ಲ, ಮುಳ್ಳುಚಮಚದಿಂದ ಚುಚ್ಚಿದರೆ ಏನಾಗುತ್ತದೆ, ಸೂಜಿ ಎಷ್ಟು ಒತ್ತಾಗಿರಬೇಕು, ಎಷ್ಟು ಆಳ, ಆಮೇಲೆ ಎಷ್ಟು ಒತ್ತಬೇಕು, ಎಲ್ಲವನ್ನೂ ಹೇಳಿದ. ಜೀವನದಲ್ಲಿ ಅಷ್ಟು ಚೆನ್ನಾಗಿ ಅವನು ಯಾವತ್ತೂ ಮಾತಾಡಿರಲಿಲ್ಲ.

ಗಗನಾ ಅದರ ವಿಡಿಯೊ ಮಾಡಿ ಮರುದಿನವೇ ಯೂಟ್ಯೂಬಿಗೆ ಹಾಕಿದಳು. ಮಹಾರಾಷ್ಟ್ರದಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಅರ್ಧಂಬರ್ಧ, ಹಾಗಾಗಿ ಸಂಘದ ವಿಡಿಯೊಗಳಿಗೆ ಕೆಳಗೆ ಇಂಗ್ಲಿಷ್ ಸಾಲು ಹಾಕುವುದು ವಾಡಿಕೆ. ಆ ಸಾಲುಗಳನ್ನು ಪೇಟೆಂಟ್ ಪರೀಕ್ಷಕರೂ ಓದಿ, ಅರ್ಜಿಗೆ ಮೊದಲೇ ಬಯಲಾದದ್ದಕ್ಕೆ ಪೇಟೆಂಟ್ ಇಲ್ಲ ಎಂದು ಆಕ್ಷೇಪಿಸಿದ್ದರು. ಇವತ್ತಿನ ವಿಚಾರಣೆ ಅದಕ್ಕೇ.

ಪರದೆಯಲ್ಲಿ ಅಧಿಕಾರಿ ಬಂದರು. ಕನ್ನಡಕ ಹಾಕಿದ, ಮೆತ್ತಗಿನ ದನಿಯ ಹೆಂಗಸು. ನಾಶಿಕದ ತನ್ನ ಕಚೇರಿಯಿಂದ ರಾಕೇಶ ಇಂಗ್ಲಿಷಿನಲ್ಲಿ ವಾದಿಸಿದ: ಸಂಶೋಧಕ ವಿದ್ವತ್ ಸಂಸ್ಥೆಯ ಮುಂದೆ ಪ್ರಬಂಧ ಓದಿದ್ದರೆ ಆಮೇಲೂ ಅರ್ಜಿ ಹಾಕಲು ಕಾನೂನಿನಲ್ಲಿ ಒಂದು ವರ್ಷದ ಅವಕಾಶ ಇದೆಯಲ್ಲ, ಮೇಡಂ?

"ಆ ದಿನ ಬೇರೆ ಯಾವ ಪ್ರಬಂಧಗಳಿದ್ದವು?"

ರಾಕೇಶ ಗಂಟಲು ಸರಿಮಾಡಿಕೊಂಡ. "ಕೋಲಾಟ ಇತ್ತು. ಮತ್ತೆ... ಮಕ್ಕಳ ವೇಷಭೂಷಣ."

ಅಧಿಕಾರಿ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ಚಿದಂಬರ್‌ಜೀ, ವಿಡಿಯೊದಲ್ಲಿರುವುದು ನೀವೇ ತಾನೆ?"

"ಹೌದು ಮೇಡಂ."

"ಅದನ್ನು ನೋಡಿ ಬೇರೊಬ್ಬ ತಂತ್ರಜ್ಞ ಈ ಹಾಳೆ ಮಾಡಬಲ್ಲನೆ?"

ಇಲ್ಲ ಎನ್ನಬೇಕಿತ್ತು. ಹೇಳಿದ್ದು ಸರಿಯಾಗಿರಲಿಲ್ಲ, ಅರ್ಧ ಬಿಟ್ಟಿದ್ದೆ ಎನ್ನಬೇಕಿತ್ತು. ಮಲಕವ್ವನಿಗೇ ತಿಳಿದದ್ದು ತಂತ್ರಜ್ಞನಿಗೆ ತಿಳಿಯದೆ?

"ಮಾಡಬಲ್ಲ" ಎಂದ.

ಅಷ್ಟರಲ್ಲಿ ಇಳಕಲ್ ಸೀರೆ ಪರದೆಗೆ ನುಗ್ಗಿತು. "ನಮಸ್ಕಾರ್ ಮ್ಯಾಡಂ! ಮೈ ಇಸ್ಕೀ ದೀದಿ. ವೋ ರೋಟಿ ಮೈನೇ ದಿಯಾ ಥಾ. ಸಬ್ ಇಸೀನೇ ಬನಾಯಾ, ಸೌ ಲೋಗ್ ಗವಾಹ್ ಹೈ!" ರೊಟ್ಟಿ ಕೊಟ್ಟವಳು ತಾನು, ಮಾಡಿದವನು ಇವನೇ, ನೂರು ಜನ ಸಾಕ್ಷಿ ಎಂದು ಗಿರಿಜಮ್ಮ ತನ್ನ ಹಿಂದಿಯಲ್ಲಿ ಸಾರಿದಳು.

"ಅಕ್ಕಾ, ಸುಮ್ನಿರs!"

ಅಧಿಕಾರಿ ಕನ್ನಡಕ ತೆಗೆದರು. ಹಿಂದಿಯಲ್ಲೇ ಹೇಳಿದರು: "ಇವರೇ ಮಾಡಿದ್ದು ಅನ್ನುವುದರಲ್ಲಿ ಯಾರಿಗೂ ಅನುಮಾನ ಇಲ್ಲ, ದೀದಿ." ಆಮೇಲೆ ಚಿದಂಬರನಿಗೆ, ಆದೇಶ ಬರಹದಲ್ಲಿ ಬರುತ್ತದೆ, ಲಿಖಿತವಾಗಿ ಇನ್ನೇನಾದರೂ ಇದ್ದರೆ ಕಳಿಸಿ ಎಂದರು. ಪರದೆ ಖಾಲಿಯಾಯಿತು.

ರಾಕೇಶ ಫೋನ್ ಮಾಡಿದ. "ನೀವೇ ಮಾಡಬಲ್ಲ ಅಂದ ಮೇಲೆ ಇನ್ನು ಎಂತ ಬರೆಯುವುದು ಸರ್? ನನಗೂ ಗೊತ್ತಾಗುವುದಿಲ್ಲ."

ಗಿರಿಜಮ್ಮ ಗೆದ್ದವಳಂತೆ ಸೆರಗು ಸರಿಮಾಡಿಕೊಂಡಳು. "ಕೇಳಿದ್ಯಿಲ್ಲೋ? ಅನುಮಾನ ಇಲ್ಲ ಅಂದ್ಲು! ನಾ ಹೇಳ್ದಿದ್ರ ನೀ ಏನ್ ಬಾಯಿ ಬಿಡಾಂವ ಇದ್ದಿ? ನಮ್ ತಮ್ಮ ಸಣ್ಣಾಂವ ಇದ್ದಾಗಿಂದ ಮೂಕಬಸವಾನs."

"ಛಲೋ ಹೇಳಿದಿ ಅಕ್ಕಾ."

ಗಗನಾಗೆ ಎಲ್ಲ ಅರ್ಥವಾಗಿತ್ತು. ಅವಳ ಕಣ್ಣು ತುಂಬಿತ್ತು. ಮಾಮನ ಪಕ್ಕ ಬಂದು ಮರಾಠಿಯಲ್ಲಿ ಪಿಸುಗುಟ್ಟಿದಳು: "ಮಾಮಾ, ವಿಡಿಯೊ ಡಿಲೀಟ್ ಕರೂ ಕಾ?"

"ಬ್ಯಾಡವ್ವಾ. ಅವರು ನೋಡಿ ಆಗೇತಿ. ಈಗ ತಗದ್ರ ನಿಮ್ಮವ್ವ ಯಾಕ ತಗದಿ ಅಂತ ಕೇಳ್ತಾಳ. ಏನಂತ ಹೇಳ್ತಿ?"

ಅಡುಗೆಮನೆಯಿಂದ ವಿಡಿಯೊದ ಸದ್ದು ಕೇಳಿಸತೊಡಗಿತು. ಗಿರಿಜಮ್ಮ ಮತ್ತೆ ಹಚ್ಚಿಕೊಂಡಿದ್ದಳು, ಯಾರಿಗೋ ಫೋನ್ ಹಿಡಿದು ತೋರಿಸುತ್ತಿದ್ದಳು. "ಲಕ್ಷ್ಯ ಕೊಟ್ಟು ನೋಡ್ರಿ ಅಕ್ಕಾರs" ಎನ್ನುತ್ತಿತ್ತು ಚಿದಂಬರನದೇ ದನಿ, ಹುರುಪಿನಿಂದ, "ಇಷ್ಟs ಐತಿ. ನಾಳಿಂದ ನೀವೂ ಮಾಡಬಹುದು!"

ಚಪ್ಪಾಳೆ ಬಹಳ ಹೊತ್ತು ಕೇಳಿಸಿತು.